ಬುರುಲಕ್ಕನ ಎಂಟನೇ ಮಹಡಿ

ನೆಲ ಸಮವಾಗಿದೆಯೇ ಎಂದು ನೋಡಲು ಬುರುಲಕ್ಕ ಉರುಳಿಸಿದ, ಗೋಲಿಯಂತೆ ಗಟ್ಟಿಯಾದ ಒಣಮೊಸರಿನ ಉಂಡೆ ಸೀದಾ ಹೋಗಿ, ಮನೆ ಮಾರುವವನ ಮಾವನ ಕಾಲಿಗೆ ತಗುಲಿತು. ತಿನ್ನುವ ಪದಾರ್ಥ ನೆಲದ ಮೇಲೆ ಬಿದ್ದಿರಬಾರದಲ್ಲ? ಮುದುಕ ಬಗ್ಗಿ ಎತ್ತಿ, ಅಂಗಿಗೆ ಒರೆಸಿ, ಬಿಸ್ಮಿಲ್ಲಾ ಎಂದು ಬಾಯಿಗೆ ಹಾಕಿಕೊಂಡ.

"ಅಯ್ಯೋ ತಾತ, ಅದು ಅಳತೆ ಸಾಮಾನು!"

"ಅಳತೆ ಸರಿಯಾಗಿದೆ ತಾಯಿ, ಉಪ್ಪೇ ಸ್ವಲ್ಪ ಜಾಸ್ತಿ," ಎಂದ ಮುದುಕ.

ಮೆಟ್ಟಿಲಿಳಿಯುವವರೆಗೂ ಅವಳ ಕಿವಿ ಕೆಂಪಾಗಿತ್ತು. ಜೊತೆಗಿದ್ದ ಶಿಷ್ಯರು, ಬಜಾರಿನಲ್ಲಿ ಪರದೆ ಬಟ್ಟೆ ಮಾರುವ ಎರ್ಮೆಕ್ ಮತ್ತು ಅವನ ಹೆಂಡತಿ ಚೋಲ್ಪೊನ್, ನಗು ನುಂಗಿಕೊಂಡು ಗೋಡೆ ನೋಡುತ್ತಿದ್ದರು. ಬಾಡಿಗೆಗೆ ಕೊಡಲು ಒಂದು ಮನೆ ಕೊಳ್ಳುವುದು ಅವರ ಆಸೆ. ಕಾರು ನನ್ನದು, ಬುರುಲಕ್ಕನ ನೆರೆಯವನಾದ ತಪ್ಪಿಗೆ.

ಬಿಷ್ಕೆಕ್‌ನಲ್ಲಿ ಮೊದಲ ಸಲ ಮನೆ ಕೊಳ್ಳುವವರು ಬುರುಲಕ್ಕನನ್ನು ಕೇಳದೆ ಹೆಜ್ಜೆಯಿಡುವುದಿಲ್ಲ. ಮೂವತ್ತು ವರ್ಷ ಭೂಗೋಳ ಕಲಿಸಿದ ಬಾಯಿ. "ಮನೆ ನೋಡೋದಾದ್ರೆ ಜನವರೀಲಿ ನೋಡ್ರೋ. ಮೇ ತಿಂಗಳಲ್ಲಿ ಎಲ್ಲಾ ಮನೇನೂ ಬೆಚ್ಚಗಿರುತ್ತೆ, ಮದುವೆಗೆ ಮುಂಚೆ ಎಲ್ಲಾ ವರನೂ ಒಳ್ಳೆಯವನೇ ಅನ್ನೋ ಹಾಗೆ. ಮೂಲೆ ಮನೆ ಬೇಡ, ಎರಡು ಕಡೆಯಿಂದ ಚಳಿಗಾಳಿ. ದಲ್ಲಾಳಿನ ಆಮೇಲೆ ಕೇಳಿ, ಮೊದಲು ಅಂಗಳದ ಬೆಂಚಿನ ಮುದುಕೀರನ್ನ ಕೇಳಿ. ಮತ್ತೆ, ಗುಂಡಿ ನೋಡಿ ಮನೆ ಅನ್ಕೋಬೇಡಿ!"

ಕೊನೆಯ ಮಾತು ಅನುಭವದ್ದು. ಒಂಬತ್ತು ವರ್ಷದ ಹಿಂದೆ, ಇದ್ದ ಒಂದೇ ಮನೆ ಮಾರಿ, ಗಂಡನ ಕಡೆಯ ನೆಂಟ ಶಾರ್ಶೆನ್ ಕಟ್ಟಲಿದ್ದ ಕಟ್ಟಡದಲ್ಲಿ ಎಂಟನೇ ಮಹಡಿಯ ಮನೆಯೊಂದನ್ನು ಅವಳು ಕೊಂಡಿದ್ದಳು. ಗುಂಡಿ ತೋಡಿ ಕುರಿ ಕೊಯ್ದು, ಹಿರಿಯರೊಬ್ಬರು ಅಂಗೈಯೆತ್ತಿ ಹರಸಿದ್ದರು. ಹರಸಿದ ಮೇಲೆ ಕಾಗದ ಕೇಳುವುದೆಂದರೆ ಹಿರಿಯರ ನಾಲಿಗೆಯನ್ನೇ ಸಂಶಯಿಸಿದಂತೆ, ಯಾರೂ ಕೇಳಲಿಲ್ಲ. ಗುಂಡಿಯಲ್ಲಿ ಈಗ ಕಪ್ಪೆಗಳಿಗೆ ಮಾತ್ರ ಗೃಹಪ್ರವೇಶವಾಗಿದೆ. ಬುರುಲಕ್ಕ ತಂಗಿಯ ಅಡುಗೆಮನೆಯ ಬೆಂಚಿನ ಮೇಲೆ ಮಲಗುತ್ತಾಳೆ.

"ಅಕ್ಕ, ಒಂದು ಅಗ್ಗದ್ದು ಸಿಕ್ಕಿದೆ," ಎಂದು ಕಾರಿನಲ್ಲಿ ಎರ್ಮೆಕ್ ಬಾಯಿಬಿಟ್ಟ. "ಇನ್ನೂ ಕಟ್ಟಿಲ್ಲ. ಇವತ್ತೇ ಕುರಿ ಕೊಯ್ದು ಹರಸೋ ಊಟ."

ಅವಳು ವಿಳಾಸ ಕೇಳಿದಳು. ಅದೇ ಗುಂಡಿ.

"ನಡೀರಿ," ಎಂದಳು. "ಹೊಸಬರ ಎದುರಿಗೆ ಜಾಗದ ಹಕ್ಕುಪತ್ರ, ಆ ಕೆಂಪು ಪುಸ್ತಕ ತೋರ್ಸು ಅಂತೀನಿ. ತೋರ್ಸಿದ್ರೆ ನನ್ನ ಮನೆ ಆಯ್ತು. ಇಲ್ದಿದ್ರೆ ನೀವಾದ್ರೂ ಉಳ್ಕೊಂಡ್ರಿ."

ದಾರಿಯುದ್ದಕ್ಕೂ "ಶಾರ್ಶೆನ್, ಪುಸ್ತಕ ತೆಗಿ" ಎಂದು ಗಟ್ಟಿಯಾಗಿ, ಮೆಲ್ಲಗೆ, ನಗುತ್ತಾ, ಹೀಗೆ ನಾಲ್ಕು ಬಗೆಯಲ್ಲಿ ಹೇಳಿ ಅಭ್ಯಾಸ ಮಾಡಿದಳು.

ಗುಂಡಿಯ ಪಕ್ಕದಲ್ಲಿ ಡೇರೆ, ಕುದಿಯುವ ಹಂಡೆ, ಮೂವತ್ತು ಮಂದಿ ಹೊಸ ಗಿರಾಕಿಗಳು. ಶಾರ್ಶೆನ್ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡ. "ಬನ್ನಿ ಅಕ್ಕ, ಬನ್ನಿ! ಹಿರಿಯರಿಲ್ದೆ ಊಟ ನಿಂತಿತ್ತು." ಬಾಗಿಲಿನಿಂದ ದೂರದ ಗೌರವದ ಜಾಗದಲ್ಲಿ ಕೂರಿಸಿದ, ಹಿರಿಯ ಹೆಂಗಸಿಗೆ ಸಲ್ಲುವ ಸೊಂಟದ ಮೂಳೆಯ ಮಾಂಸವನ್ನು ತಾನೇ ತಂದಿಟ್ಟ. ಬಡಿಸುತ್ತಾ ಕಿವಿಯ ಬಳಿ ಬಗ್ಗಿದ. ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಇವರೆಲ್ಲ ಸೇರಿದ್ರೆ ತಾನೇ ಅಕ್ಕ, ನಿಮ್ಮ ಎಂಟನೇ ಮಹಡಿ ಏಳೋದು?"

ಆಮೇಲೆ ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ ಕೂಗಿದ. "ಇಲ್ಲಿ ಮೊಟ್ಟಮೊದಲು ಮನೆ ತಗೊಂಡವರು ಇವರೇ! ಅಕ್ಕ, ನೀವೇ ಹರಸಬೇಕು."

ಮೂವತ್ತು ಜೊತೆ ಅಂಗೈಗಳು ಮೇಲೆದ್ದವು. ಎರ್ಮೆಕ್‌ನವೂ ಎದ್ದವು. ಚೋಲ್ಪೊನ್ ಮಾತ್ರ ಕೈ ಮಡಿಲಲ್ಲಿಟ್ಟು ಅಕ್ಕನ ಮುಖವನ್ನೇ ನೋಡುತ್ತಿದ್ದಳು.

ಬುರುಲಕ್ಕ ಬಾಯಿ ತೆರೆದಳು. ಗುಂಡಿಯ ಕಡೆ ನೋಡಿದಳು. ಗುಂಡಿಯ ಮೇಲೆ, ಎಂಟನೇ ಮಹಡಿಯಷ್ಟು ಎತ್ತರದಲ್ಲಿ, ಬರೀ ಆಕಾಶದ ಕಡೆ ನೋಡಿದಳು. ಆಮೇಲೆ ಅಂಗೈಯೆತ್ತಿದಳು.

"ತಳ ಗಟ್ಟಿಯಾಗಲಿ, ಒಲೆ ಆರದಿರಲಿ. ಆಮೀನ್."

ಎಲ್ಲರೂ ಮುಖ ಸವರಿಕೊಂಡರು. ಕೊನೆಗೆ ಚೋಲ್ಪೊನ್ ಕೂಡ. ಗಂಡಹೆಂಡಿರು ಅಲ್ಲೇ ರುಜು ಹಾಕಿದರು. ಬುರುಲಕ್ಕನೇ ಹರಸಿದ ಮೇಲೆ ಕಾಗದ ಕೇಳುವವರಾರು?

ವಾಪಸು ಬರುವಾಗ ಕಾರಿನಲ್ಲಿ ನಾವಿಬ್ಬರೇ ಇದ್ದೆವು. ತಂಗಿಯ ಮನೆ ಬರುವ ತನಕ ತಡೆದುಕೊಂಡು, ಕೊನೆಗೆ ಕೇಳಿಯೇಬಿಟ್ಟೆ. "ಅಕ್ಕ, ಆ ಕೆಂಪು ಪುಸ್ತಕ ಯಾಕೆ ಕೇಳಲಿಲ್ಲ?"

ಅವಳು ಹಲ್ಲಿನ ಸಂದಿಯನ್ನು ನಾಲಿಗೆಯಿಂದ ಕೆದಕಿಕೊಂಡಳು.

"ಹೋದ ಸಲದ ಕುರಿ ಬೆಂದೇ ಇರಲಿಲ್ಲ ಕಣೋ," ಎಂದಳು. "ಈ ಸಲದ್ದು ಚೆನ್ನಾಗಿತ್ತು."