ಹುಲ್ಲಿನ ನೀರು ತೂಗುವ ಮರಿಕಿತಾ

ಅಂತ್ಯಕ್ರಿಯೆ ಮುಗಿದ ಮರುದಿನ, ಬೆಳಗಿನ ಐದೂವರೆ. ಊರ ಮೇಲಿನ ಗುಡ್ಡದ ಬುಡದಲ್ಲಿ ಮರಿಕಿತಾ ನಪೂಟಿ ನಿಂತಿದ್ದಾಳೆ. ಕೈಯಲ್ಲಿ ಕುಡುಗೋಲು, ಹೆಗಲಿಗೆ ಚೀಲ. ಹುಲ್ಲಿಗೆ ಕಾಲಿಡುವ ಮೊದಲು ಕಾಡಿನಲ್ಲಿ ನೆಲೆಸಿರುವ ಹಿರಿಯರ ಆತ್ಮಗಳನ್ನು ಕೇಳುತ್ತಾಳೆ: "ಅಜ್ಜಿಯರೇ, ಅಜ್ಜಂದಿರೇ, ಒಳಗೆ ಬರ್ತೀನಿ, ಅಪ್ಪಣೆ ಕೊಡಿ." ಈ ಮಾತು ಇಷ್ಟು ದಿನ ಗಂಡ ಸಿರಿಲೊನ ಪಾಲಿನದಾಗಿತ್ತು.

ಪೆಸಿಫಿಕ್ ಸಾಗರದ ಗುವಾಂ ದ್ವೀಪದ ದಕ್ಷಿಣದ ಹುಮಾತಕ್ ಊರಿನಲ್ಲಿ ಈ ಕೆಲಸಕ್ಕೆ ಹೆಸರಿಲ್ಲ. ಗುಡ್ಡದ ಮೂರು ಕಡೆಯಿಂದ ಕತ್ತಿಹುಲ್ಲು ಕೊಯ್ದು ಒಂದು ಕಿಲೋ ತೂಗಬೇಕು. ಮನೆಯ ಓವನ್‌ನಲ್ಲಿ ಐದು ಗಂಟೆ ಒಣಗಿಸಿ ಮತ್ತೆ ತೂಗಬೇಕು. ಕಡಿಮೆಯಾದದ್ದೇ ಹುಲ್ಲಿನಲ್ಲಿದ್ದ ನೀರು. ಆ ಅಂಕಿಯನ್ನು ಅಂಗಡಿ ಮುಂದಿನ ಕರಿಹಲಗೆಯಲ್ಲಿ ಬರೆದು, ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ ಹೇಳಬೇಕು. ಅದು ಇನ್ನೂರು ಗ್ರಾಂಗಿಂತ ಕೆಳಗಿಳಿದರೆ ಗುಡ್ಡದಲ್ಲಿ ಯಾರೂ ಕಡ್ಡಿ ಗೀರುವಂತಿಲ್ಲ. ಒಂಬತ್ತು ವರ್ಷ ಸಿರಿಲೊ ಕೊಯ್ದ, ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದ ಮರಿಕಿತಾ ಮನೆಯಲ್ಲಿ ಒಣಗಿಸಿ ಲೆಕ್ಕ ಮಾಡಿದಳು. ಹದಿನಾರು ದಿನದ ಹಿಂದೆ ಅವನು ಎದೆನೋವಿನಿಂದ ತೀರಿಕೊಂಡ; ಇಲ್ಲಿನ ಪದ್ಧತಿಯಂತೆ ದಿನಗಟ್ಟಲೆ ಪ್ರಾರ್ಥನೆ ನಡೆದ ಮೇಲೆ ನಿನ್ನೆ ಮಣ್ಣು ಮಾಡಿದರು. ವಯಸ್ಸು ಮೂವತ್ತಾರು.

ಇಬ್ಬನಿ ಆರುವವರೆಗೆ ಅವಳು ಕಲ್ಲಿನ ಮೇಲೆ ಕೂರುತ್ತಾಳೆ. "ಇಬ್ಬನಿ ಸುಳ್ಳು ತೂಕ ಕೊಡುತ್ತೆ," ಎಂದು ತನಗೇ ಹೇಳಿಕೊಳ್ಳುತ್ತಾಳೆ. ಅವಳು ಇನ್ನೂ ಅತ್ತಿಲ್ಲವೆಂದು ಊರಲ್ಲಿ ಮಾತಿದೆ. ಅವಳಿಗೂ ಅದು ಗೊತ್ತು.

ಸುತ್ತ ಸಮುದ್ರ, ಅರ್ಧ ವರ್ಷ ಮಳೆ, ಇಲ್ಲೆಂಥ ಕಾಳ್ಗಿಚ್ಚು ಎಂದು ಹೊರಗಿನವರು ನಗುತ್ತಾರೆ. ಮರಿಕಿತಾಗೆ ಹೆದರಿಕೆ ಇರುವುದು ಮಳೆಯದ್ದೇ. "ಮಳೆ ಚೆನ್ನಾಗಿ ಬಂದ ವರ್ಷ ಹುಲ್ಲು ಆಳೆತ್ತರ ಬೆಳೆಯುತ್ತೆ. ಆಮೇಲೆ ಅದೆಲ್ಲಾ ಸೌದೆ." ಕಳೆದ ವರ್ಷ ಪೂರ್ವದ ಸಮುದ್ರ ಬಿಸಿಯಾಗಿ ಮಳೆ ಸುರಿಯಿತು, ಚಂಡಮಾರುತ ಮರಗಳನ್ನು ಕೆಡವಿತು. ಅಂಥ ವರ್ಷದ ಬೆನ್ನಿಗೆ ಬರುವ ಬೇಸಿಗೆಯಲ್ಲಿ ಮಳೆ ಕೈಕೊಡುತ್ತದೆ. ಈಗ ಏಪ್ರಿಲ್. ಎರಡು ವಾರದಿಂದ ಹನಿ ಬಿದ್ದಿಲ್ಲ. ಮೂಡಣ ಗಾಳಿ ದಿನವಿಡೀ ಗುಡ್ಡದಿಂದ ಊರಿನ ಕಡೆಗೇ ಬೀಸುತ್ತಿದೆ. ಗುಡ್ಡಕ್ಕೆ ಬೆಂಕಿ ಬಿದ್ದರೆ ಕೆಳಗಿನ ಮನೆಗಳು ಉಳಿಯುವುದು ಕಷ್ಟ. ಉಳಿದರೂ, ಮುಂದಿನ ಮಳೆಗೆ ಕೆಂಪು ಮಣ್ಣು ಸಮುದ್ರಕ್ಕೆ ಇಳಿದು ಹವಳದ ಮೇಲೆ ಕೂರುತ್ತದೆ, ಮೀನು ದೂರ ಹೋಗುತ್ತದೆ.

ಮನೆಯ ಓವನ್‌ನಲ್ಲಿ ಸಾವಿಗೆ ಬಂದ ನೆಂಟರು ತಂದ ಕೆಂಪು ಅನ್ನದ ಟ್ರೇಗಳಿವೆ. ಅವನ್ನು ತೆಗೆದು ಹುಲ್ಲು ಇಡುತ್ತಾಳೆ. ಮಧ್ಯಾಹ್ನ ಮೂರಕ್ಕೆ ತೂಕ ಎಂಟುನೂರ ಮೂವತ್ತು. ಅಂದರೆ ನೀರು ಬರೀ ನೂರ ಎಪ್ಪತ್ತು.

ಅಂಗಡಿಗೆ ಬಂದರೆ ಹಲಗೆಯ ಮೇಲೆ ಸಿರಿಲೊನ ಕೈಬರಹ ಹಾಗೇ ಇದೆ: 450. ಮೇಲೊಂದು ಪ್ಲಾಸ್ಟಿಕ್ ಹಾಳೆ.

"ಅವನು ಕೊನೇಸಲ ಬರೆದಿದ್ದು ಮಗಳೇ," ಎನ್ನುತ್ತಾರೆ ಅಂಗಡಿಯ ಅಜ್ಜಿ ತಾನ್ ರೆಮಿ. "ಒರೆಸೋಕೆ ಯಾರಿಗೆ ಮನಸ್ಸು ಬರುತ್ತೆ? ನಾನೇ ಹೊದಿಸಿಟ್ಟೆ."

ಇಲ್ಲಿ ಹಿರಿಯ ಹೆಂಗಸರನ್ನು ತಾನ್, ಗಂಡಸರನ್ನು ತುನ್ ಎಂದು ಕರೆಯುತ್ತಾರೆ. ಗಲ್ಲಾ ಪಕ್ಕದಲ್ಲಿ ಬೇಟೆಗಾರ ತುನ್ ಫೆಲಿಸ್ ಸೀಮೆಎಣ್ಣೆ ಡಬ್ಬ ಹಿಡಿದು ನಿಂತಿದ್ದಾರೆ. "ನಾನೂರೈವತ್ತು! ಒಳ್ಳೇ ಅಂಕಿ. ಸಂಜೆ ಗುಡ್ಡದ ಒಂದು ಮೂಲೆ ಸುಡ್ತೀನಿ. ಎಳೆ ಹುಲ್ಲು ಚಿಗುರಿದ್ರೆ ಜಿಂಕೆ ತಾನಾಗೇ ಬರುತ್ತೆ."

"ತುನ್, ಅದು ಹದಿನಾರು ದಿನದ ಹಿಂದಿನ ಹುಲ್ಲು."

"ತುದಿ ಇನ್ನೂ ಹಸಿರಾಗಿದೆ, ಕಾಣಲ್ವಾ? ಹುಲ್ಲು ಬೇಯಿಸೋ ಹುಡುಗಿ ನನಗೆ ಹುಲ್ಲಿನ ಪಾಠ ಹೇಳ್ತಾಳೆ, ನೋಡು ರೆಮಿ!"

"ತುದಿ ಹಸಿರೇ. ಬುಡದಲ್ಲಿ ಹೋದ ವರ್ಷದ್ದು ಸತ್ತು ಬಿದ್ದಿದೆ. ನನ್ನ ನಂಬಬೇಡಿ, ನಿಮ್ಮ ತಕ್ಕಡೀನ ನಂಬಿ."

ಮರಿಕಿತಾ ಚೀಲದಿಂದ ಕೊಕ್ಕೆಯ ತಕ್ಕಡಿ ತೆಗೆಯುತ್ತಾಳೆ. ಅದು ಫೆಲಿಸ್ ಜಿಂಕೆ ಮಾಂಸ ತೂಗುತ್ತಿದ್ದದ್ದು. ಸಿರಿಲೊ ತನ್ನದು ಕೆಟ್ಟಾಗ "ಒಂದು ವಾರಕ್ಕೆ" ಎಂದು ಅವರ ಹೆಂಡತಿಯನ್ನು ಕೇಳಿ ತಂದಿದ್ದ; ಆಕೆ ಗಂಡನಿಗೆ ಹೇಳುವುದನ್ನು ಮರೆತಿದ್ದರು.

"ಅಯ್ಯೋ, ಇದು ನಿಮ್ಮನೇಲಿತ್ತಾ? ಕದ್ದ ಅಂತ ಮೂರು ವರ್ಷದಿಂದ ಅಳಿಯನ್ನ ಬೈತಾ ಇದೀನಲ್ಲೇ!"

ತಾನ್ ರೆಮಿ ನಕ್ಕು, ಸಾವಿನ ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಾರೆ.

"ಬೆಳಿಗ್ಗೆ ಇದು ಸರಿಯಾಗಿ ಒಂದು ಕಿಲೋ ಇತ್ತು," ಎಂದು ಮರಿಕಿತಾ ಒಣಹುಲ್ಲಿನ ಕಟ್ಟು ಕೊಡುತ್ತಾಳೆ. ಫೆಲಿಸ್ ಅದನ್ನು ಕೊಕ್ಕೆಗೆ ಸಿಕ್ಕಿಸುತ್ತಾರೆ. ಎಂಟುನೂರ ಮೂವತ್ತು. ಬಿಚ್ಚಿ ಮತ್ತೆ ಸಿಕ್ಕಿಸುತ್ತಾರೆ. ಅದೇ. ಬಾಗಿಲಾಚೆ ಗಾಳಿಗೆ ಮಲಗುತ್ತಿರುವ ಗುಡ್ಡದ ಹುಲ್ಲನ್ನು ನೋಡುತ್ತಾರೆ, ಅದರ ಕೆಳಗಿನ ತಗಡಿನ ಮನೆಗಳನ್ನೂ.

"ರೆಮಿ," ಎನ್ನುತ್ತಾರೆ, "ಈ ಡಬ್ಬ ವಾಪಸ್ ಇಟ್ಕೋ."

ಮರಿಕಿತಾ ಪ್ಲಾಸ್ಟಿಕ್ ಹಾಳೆ ತೆಗೆಯುತ್ತಾಳೆ. ಬಟ್ಟೆ ಕೇಳುವುದಿಲ್ಲ, ಅಂಗೈಯಿಂದಲೇ ಒರೆಸುತ್ತಾಳೆ. ನಾಲ್ಕು ಹೋಗುತ್ತದೆ, ಐದು ಹೋಗುತ್ತದೆ. ಸೊನ್ನೆಯ ಬಳಿ ಕೈ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ 170 ಎಂದು ಬರೆದು ಠಾಣೆಗೆ ಫೋನ್ ಮಾಡುತ್ತಾಳೆ. ಹಾಳೆಯನ್ನು ಮತ್ತೆ ಹೊದಿಸುವುದಿಲ್ಲ.

ಹೊರಡುವಾಗ ತಕ್ಕಡಿಯನ್ನು ಫೆಲಿಸ್ ಮುಂದೆ ಇಡುತ್ತಾಳೆ. "ತಗೊಳ್ಳಿ, ತುನ್. ಸಿರಿಲೊ ತಂದಿದ್ದು."

"ನಾಳೆ ಯಾವುದರಲ್ಲಿ ತೂಗ್ತೀಯ ಮಗಳೇ? ನಿನ್ನ ಹತ್ರಾನೇ ಇರಲಿ."

"ಬೇಡ. ಅವನು ಕೇಳಿ ತಂದಿದ್ದು ಇವತ್ತು ನಿಮ್ಮ ಮನೆ ಸೇರ್ಲಿ. ಬೆಳಿಗ್ಗೆ ಐದಕ್ಕೆ ಬರ್ತೀನಿ. ತಕ್ಕಡೀನ ನನ್ನ ಹೆಸರಲ್ಲಿ ಕೇಳ್ತೀನಿ."