ಕನ್ನಡದಲ್ಲಿ ನಾಪಾಸಾದ ಪ್ರಿನ್ಸಿಪಾಲರು

ಮೊನ್ನೆ ಸಿಂಧನೂರಿನ ನಮ್ಮ ಓಣಿಯಲ್ಲಿ ಯಾರೋ ಮನೆ ಕಟ್ಟಲು ಹಳ್ಳದ ಉಸುಕು ತಂದು ಸುರಿದಿದ್ದರು. ಬಿಸಿಲಿಗೆ ಕಾದಿದ್ದ ಆ ಉಸುಕಿನ ಮೇಲೆ ಗೌಂಡಿಯ ಹೆಂಡತಿ ಒಂದು ಕೊಡ ನೀರು ಸುರಿದಳು. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಮತ್ತೆ ಹುಡುಗನಾಗಿ ಮಸ್ಕಿಯ ಒಂದು ಪಡಸಾಲೆಯಲ್ಲಿ ಕಾಲು ಮಡಿಚಿ ಕೂತಿದ್ದೆ. ಮಗ್ಗುಲಲ್ಲಿ ನಮ್ಮ ಪ್ರಿನ್ಸಿಪಾಲರು. ಇಬ್ಬರ ಮುಂದೂ ನೀರು ಚಿಮುಕಿಸಿ ಹರಡಿದ ಉಸುಕು...

ಆಗಿನ್ನೂ ಅವರು ಪ್ರಿನ್ಸಿಪಾಲರಾಗಿರಲಿಲ್ಲ. ನಾನು ಓದುತ್ತಿದ್ದ ಲಿಂಗಸುಗೂರಿನ ಹೈಸ್ಕೂಲಿಗೆ ಹೆಡ್‌ಮಾಸ್ತರು. ಮಸ್ಕಿಯ ಕಿರಾಣಿ ಅಂಗಡಿಯವರ ಮಗ, ಹೈದರಾಬಾದಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡಿ ಬಂದವರು. ಫಾರ್ಸಿ ಭಾಷೆಯ ಹಳೆಯ ಗ್ರಂಥಗಳನ್ನು ನೇರವಾಗಿ ಓದುತ್ತಿದ್ದರು. ಕೃಷ್ಣೆ, ತುಂಗಭದ್ರೆಯ ನಡುವಿನ ನಮ್ಮ ಸೀಮೆಗಾಗಿ ಯಾರು ಯಾರು ಬಡಿದಾಡಿದರು, ಯಾವ ಕೋಟೆಗೆ ಎಷ್ಟು ಸಲ ಮುತ್ತಿಗೆ ಬಿತ್ತು ಎಂಬುದನ್ನು ನಿನ್ನೆಯ ಸಂತೆಯ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು. ಆದರೆ ಬರೆದದ್ದೆಲ್ಲ ಉರ್ದು. ನಿಜಾಮನ ಕಾಲದಲ್ಲಿ ಶಾಲೆ ಎಂದರೆ ಉರ್ದು, ಕಚೇರಿ ಎಂದರೂ ಉರ್ದು. ನಾನು ಸಾಲಗುಂದದಲ್ಲಿ, ಮತ್ತೊಬ್ಬರ ಹೊಲದಲ್ಲಿ ದುಡಿಯುವವರ ಮನೆಯಲ್ಲಿ ಹುಟ್ಟಿದವನು. ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಕಲಿತದ್ದು ಉರ್ದು. ನನ್ನ ಹೆಸರನ್ನು ಕನ್ನಡದಲ್ಲಿ ಬರೆಯಲು ಬರುತ್ತಿರಲಿಲ್ಲ. ಬರಬೇಕು ಎಂದು ಯಾರೂ ಅಂದಿರಲೂ ಇಲ್ಲ.

ನಿಜಾಮನ ಆಡಳಿತ ಹೋಯಿತು. ಮೆಟ್ರಿಕ್ಕಿಗೆ ಕನ್ನಡದ ಪೇಪರು ಬಂತು. ಲೆಕ್ಕ, ಇತಿಹಾಸಗಳಲ್ಲಿ ಒಳ್ಳೆಯ ಮಾರ್ಕು ತೆಗೆದ ನಾನು ಕನ್ನಡದಲ್ಲಿ ನಾಪಾಸಾದೆ.

ಸುದ್ದಿ ಕೇಳಿ ಅಪ್ಪ ಸಿಂಧನೂರಿನ ತನಕ ನಡೆದು, ಅಲ್ಲಿಂದ ಮೋಟಾರು ಹಿಡಿದು ಲಿಂಗಸುಗೂರಿಗೆ ಬಂದ. ಹೆಗಲ ಮೇಲೆ ಶೇಂಗಾದ ಗಂಟು. ಸೀದಾ ಹೆಡ್‌ಮಾಸ್ತರ ಮನೆಗೆ ನನ್ನನ್ನು ಕರೆದುಕೊಂಡು ಹೋದ.

“ಸಾಹೇಬ್ರ, ನಮ್ಮ ಹುಡುಗ ಬಾಯಿ ಬಂದಾಗಿಂದ ಕನ್ನಡನ ಮಾತಾಡಾಕತ್ಯಾನ. ಅದ್ರಾಗ ಹೆಂಗ ನಾಪಾಸ್ ಆಗ್ತಾನ್ರೀ? ಏನರ ತಪ್ಪಾಗಿರಬೇಕು. ನೀವೊಂದು ಚೀಟಿ ಬರದ್ರ...”

ಹೆಡ್‌ಮಾಸ್ತರು ಗಂಟನ್ನು ಅಪ್ಪನ ಕಡೆಗೇ ಸರಿಸಿದರು. “ಚೀಟಿ ಬರ್ಯಾಕ ನನಗೂ ಕನ್ನಡ ಬರಬೇಕಲ್ಲಪಾ. ಸರಕಾರದವ್ರು ಮಾಸ್ತರಿಗೂ ಪರೀಕ್ಷೆ ಇಟ್ಟಿದ್ರು. ನಾನೂ ನಾಪಾಸ್ ಆಗೀನಿ.”

ಅಪ್ಪ ಅವರ ಮುಖ ನೋಡಿದ, ನನ್ನ ಮುಖ ನೋಡಿದ. “ಹಂಗಾರ ಪಾಸ್ ಆದವ್ರು ಯಾರ್ರೀ?” ಎಂದ.

“ನಮ್ಮಕ್ಕ ಆಗ್ತಿದ್ಲು. ಆಕಿಗೆ ಯಾರೂ ಪರೀಕ್ಷೆ ಇಡಲಿಲ್ಲ.”

ಅಪ್ಪನಿಗೆ ನಗು ಬಂದರೂ ನಗಲಿಲ್ಲ. ಇನ್ನೊಂದೇ ಸಲ ನೋಡುತ್ತೇನೆ, ಆಗದಿದ್ದರೆ ಹುಡುಗ ಊರಿಗೆ ಬಂದು ಹೊಲದಲ್ಲಿ ಗಳೆ ಹೊಡೆಯಲಿ ಎಂದು ಕಡ್ಡಿ ಮುರಿದ ಹಾಗೆ ಹೇಳಿದ. “ಪಾಸ್ ಮಾಡಿಸೋದು ನನಗ ಬಿಡು” ಎಂದು ಹೆಡ್‌ಮಾಸ್ತರು ಮಾತು ಕೊಟ್ಟರು.

ಹಾಗೆ ಶುರುವಾಯಿತು ನಮ್ಮ ಶನಿವಾರದ ಪಾಠ. ಶಾಲೆ ಅರ್ಧ ದಿನಕ್ಕೆ ಬಿಟ್ಟ ಕೂಡಲೇ ಇಬ್ಬರೂ ಮಸ್ಕಿಯ ಮೋಟಾರು ಹತ್ತುತ್ತಿದ್ದೆವು. ಅವರ ಅಕ್ಕ ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಇದ್ದರು. ಚಿಕ್ಕಂದಿನಲ್ಲಿ ಮನೆಯ ಹಿರಿಯರು ತಮ್ಮನಿಗೆ ನೌಕರಿ ಸಿಗಲಿ ಎಂದು ಉರ್ದು ಶಾಲೆಗೆ ಹಾಕಿದರು, ಹೆಣ್ಣುಮಗಳಿಗೆ ನೌಕರಿ ಎಲ್ಲಿಯದು ಎಂದು ಮಠದ ಅಯ್ಯನವರ ಹತ್ತಿರ ನಾಲ್ಕು ಕನ್ನಡ ಅಕ್ಷರ ಕಲಿಯಲು ಬಿಟ್ಟರು. ಆಕೆ ಶ್ರಾವಣದಲ್ಲಿ ಓಣಿಯ ಹೆಂಗಸರಿಗೆಲ್ಲ ಪುರಾಣ ಓದಿ ಹೇಳುತ್ತಿದ್ದರು.

“ಏನಲೇ ತಮ್ಮಾ, ಅಷ್ಟು ವರ್ಷ ಹೈದ್ರಾಬಾದಿನಾಗ ಏನ್ ಮಾಡ್ದಿ? ಈ ನಿನ್ನ ಕ ನೋಡು, ಕಾಲು ಮುರದ ಆಡಿನಂಗ ನಿಂತೈತಿ.”

“ಕಲಿಸಬೇ ಅಕ್ಕಾ. ಹುಡುಗನ ಮುಂದ ಬೈಬ್ಯಾಡ.”

“ಇಲ್ಲಿ ಹುಡುಗ ಯಾರು, ಹೆಡ್‌ಮಾಸ್ತರ ಯಾರು? ಇಬ್ಬರೂ ನಾಪಾಸಾದವ್ರ.”

ಉಸುಕಿನ ಮೇಲೆ ನಮ್ಮ ಬೆರಳು ತಾನಾಗಿಯೇ ಬಲಗಡೆಯ ಅಂಚಿಗೆ ಹೋಗುತ್ತಿತ್ತು. ಉರ್ದುವಿನ ರೂಢಿ. ಆಕೆ ಊದುಗೊಳವಿಯಿಂದ ಮಣಿಕಟ್ಟಿಗೆ ಮೆಲ್ಲಗೆ ತಟ್ಟಿ ಎಡಕ್ಕೆ ತರುತ್ತಿದ್ದರು. ಹೆಡ್‌ಮಾಸ್ತರಿಗೂ ಅದೇ ಏಟು, ನನಗೂ ಅದೇ ಏಟು. ಪಾಠ ಮುಗಿದ ಮೇಲೆ ಅಕ್ಕನವರದೊಂದು ಕಾಯಿದೆ: ಯಾರ ಅಕ್ಷರ ಚೆಂದವೋ ಅವರಿಗೆ ಮೊದಲ ಬಿಸಿ ರೊಟ್ಟಿ, ಪುಂಡಿಪಲ್ಯ. ನಾಲ್ಕಾರು ವಾರ ಕಳೆಯುವುದರೊಳಗೆ ನನ್ನ ಕೈ ತಿರುಗಿತು. ಅವರದು ತಿರುಗಲಿಲ್ಲ. ಹಸಿದ ಹೆಡ್‌ಮಾಸ್ತರ ಮುಂದೆ ಕೂತು ನಾನು ಮೊದಲು ತಿನ್ನುವುದೆಂದರೆ... ರೊಟ್ಟಿ ಮುರಿದು ಕೈಯಲ್ಲೇ ಹಿಡಿದು, ಅವರ ತಾಟಿಗೂ ಬೀಳಲಿ ಎಂದು ಕಾಯುತ್ತಿದ್ದೆ. ನಮ್ಮ ಮನೆಯವರು ಅಂಥವರ ಎದುರು ಕೂತು ಉಂಡವರೇ ಅಲ್ಲ.

ಒಂದು ಶನಿವಾರ ಬೇಕೆಂದೇ ಕೆಟ್ಟದಾಗಿ ಬರೆದೆ. ದೀರ್ಘ ಬಿಟ್ಟೆ, ಒತ್ತು ತಪ್ಪಿಸಿದೆ. ಅಕ್ಕನವರು ಮೊದಲ ರೊಟ್ಟಿಯನ್ನು ತಮ್ಮನ ತಾಟಿಗೆ ಹಾಕಿದರು. ಹೆಡ್‌ಮಾಸ್ತರು ರೊಟ್ಟಿ ನೋಡಲಿಲ್ಲ, ನನ್ನ ಉಸುಕು ನೋಡಿದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ನನಗ ಮರ್ಯಾದಿ ಕೊಡಾಕತ್ತೀಯೇನು? ಪರೀಕ್ಷೆಯಾಗೂ ಹಿಂಗ ಬರೀತೀ? ನೀ ನಾಪಾಸಾಗಿ ಗಳೆ ಹೊಡಿಯಾಕ ಹ್ವಾದ್ರ ನಾ ನಿಮ್ಮಪ್ಪಗ ಏನಂತ ಹೇಳ್ಲಿ?”

ಅಂಗೈಯಿಂದ ಉಸುಕನ್ನು ಸಪಾಟು ಮಾಡಿ, “ಬರಿ” ಎಂದರು. ಬರೆದೆ. ರೊಟ್ಟಿ ಆರಿತು, ಒಲೆಯೂ ಆರಿತು. ಪೂರಾ ತಿದ್ದಿ ಬರೆದು ಮುಗಿಸುವ ತನಕ ಮೂವರೂ ಉಣ್ಣಲಿಲ್ಲ. ಆಮೇಲೆ ನಾನು ಯಾರ ಸಲುವಾಗಿಯೂ ಬೇಕೆಂದು ತಪ್ಪು ಬರೆದಿಲ್ಲ.

ಮುಂದಿನ ಪರೀಕ್ಷೆಯಲ್ಲಿ ನಾನು ಪಾಸಾದೆ. ಅವರು ಮತ್ತೆ ನಾಪಾಸಾದರು.

ಜಿಲ್ಲಾ ಕೇಂದ್ರದ ಹೊಸ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಅವರ ಹೆಸರು ಆಗಲೇ ಕೇಳಿಬರುತ್ತಿತ್ತು. ಆ ಪರೀಕ್ಷೆ ಪಾಸಾಗದ ಕಾರಣ ಅದು ಒಂದು ವರ್ಷ ನಿಂತುಹೋಯಿತು. ಬೇರೆ ಯಾರಾದರೂ ಆಗಿದ್ದರೆ ಮುಚ್ಚಿಡುತ್ತಿದ್ದರೇನೋ. ಇವರು ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನನ್ನನ್ನು ಮುಂದೆ ಕರೆದು ನಿಲ್ಲಿಸಿ, “ನಮ್ಮಿಬ್ಬರಾಗ ಒಬ್ಬ ಪಾಸಾಗ್ಯಾನ. ಇನ್ನೊಬ್ಬ ಮುಂದಿನ ಸಲ ನೋಡ್ತಾನ” ಎಂದರು. ಹುಡುಗರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಮರುವರ್ಷ ಪಾಸಾಗಿ ಪ್ರಿನ್ಸಿಪಾಲರಾದರು. ಕಾಲುವೆ ಕೆಲಸದ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದ ನನ್ನನ್ನು ಕರೆಸಿ ಕಾಲೇಜಿಗೆ ಓದಲು ಹಚ್ಚಿದರು. ಪ್ರಿನ್ಸಿಪಾಲರಾದರೂ ಇತಿಹಾಸದ ಪಾಠ ಬಿಡಲಿಲ್ಲ. ಯಾವುದಾದರೂ ಕನ್ನಡ ಶಬ್ದ ಬರೆಯುವಾಗ ಅನುಮಾನ ಬಂದರೆ ತುಂಬಿದ ಕ್ಲಾಸಿನಲ್ಲೇ ಸೀಮೆಸುಣ್ಣ ಹಿಡಿದು ನನ್ನ ಕಡೆ ತಿರುಗಿ ಕೇಳುತ್ತಿದ್ದರು. ನನಗೆ ನಾಚಿಕೆ, ಅವರಿಗೆ ಇಲ್ಲ.

ಐವತ್ತಾರನೇ ಇಸವಿಯಲ್ಲಿ ನಾನು ಬಿ.ಎ. ಆದೆ. ನಮ್ಮ ವಂಶದಲ್ಲೇ ಮೊದಲನೆಯವನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸರ್ಟಿಫಿಕೇಟು ಹಿಡಿದುಕೊಂಡು ಪ್ರಿನ್ಸಿಪಾಲರ ಸಂಗಡ ಮಸ್ಕಿಗೆ ಹೋದೆ. ಅಕ್ಕನವರು ಅದನ್ನು ಬೆಳಕಿಗೆ ಹಿಡಿದು ತಿರುವಿ ಮುರುವಿ ನೋಡಿದರು.

“ಇದ್ರಾಗ ಕನ್ನಡ ಎಲ್ಲೈತಿಲೇ?”

“ಇಲ್ಲಬೇ. ಎಲ್ಲಾ ಇಂಗ್ಲಿಷ್.”

“ಮತ್ತ ನಾ ಏನ್ ಓದಲಿ? ಊದುಗೊಳವಿ ಏಟು ತಿಂದವ್ರು ನೀವು, ಈಗ ಓದಾಕ ಬರಲಾರದಾಕಿ ನಾನು!”

ಪ್ರಿನ್ಸಿಪಾಲರು ಜೇಬಿನಿಂದ ಪೆನ್ನು ತೆಗೆದು, ಒಂದು ಹಾಳೆಯ ಮೇಲೆ ನನ್ನ ಹೆಸರು, ಅಪ್ಪನ ಹೆಸರು, ಊರು ಬರೆದು, ಇವನು ಬಿ.ಎ. ಪಾಸಾಗಿದ್ದಾನೆ ಎಂದು ಕೆಳಗೆ ಸಹಿ ಮಾಡಿದರು. ಅಕ್ಕನವರು ಓಣಿಗೆ ಕೇಳುವ ಹಾಗೆ ಅದನ್ನು ಓದಿದರು. ಒಂದೂ ತಪ್ಪು ತೆಗೆಯಲಿಲ್ಲ.

ಅಕ್ಕನವರು ಹೋಗಿ ಬಹಳ ವರ್ಷವಾಯಿತು. ಪ್ರಿನ್ಸಿಪಾಲರು ಹೋದ ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು... ಮುಖ ನೋಡಲು ಸಿಗಲಿಲ್ಲ. ಈಗ ನಮ್ಮ ಮನೆಯಲ್ಲಿ ಪದವೀಧರರಿಗೆ ಬರವಿಲ್ಲ. ನಾನು ಕನ್ನಡದಲ್ಲಿ ನಾಪಾಸಾಗಿದ್ದೆ ಎಂದರೆ ಮೊಮ್ಮಕ್ಕಳು ನಂಬುವುದಿಲ್ಲ, “ಸುಳ್ಳು ಹೇಳ್ತೀಯಲ್ಲ ತಾತಾ” ಎನ್ನುತ್ತಾರೆ. ಹೌದೆಂದು ಸಾಕ್ಷಿ ಹೇಳಬೇಕಾದವರು ಒಬ್ಬರಿದ್ದರು. ಈಗ ಇದ್ದಿದ್ದರೆ, “ಇಬ್ಬರೂ ನಾಪಾಸಾಗಿದ್ವಿ” ಎಂದು ನಗುತ್ತಲೇ ಹೇಳುತ್ತಿದ್ದರು.