ಸೂಜಿ ಹಾಕಿಸಿಕೊಂಡು ಪಡಿ ಬೇಡಲು ಹೊರಟವರು

ಕಳೆದ ಶನಿವಾರ ಕೋಲಾರದ ಪೇಟೆ ಬೀದಿಯಲ್ಲಿ ಒಬ್ಬರು ತಮ್ಮ ಹೆಂಡತಿಯನ್ನು "ನೀವು" ಎಂದು ಮಾತನಾಡಿಸಿದರು. ಅಷ್ಟಕ್ಕೇ ಆಕೆ ಬೀದಿಗೆಲ್ಲ ಕೇಳುವಂತೆ ಕಿರುಚಿದರು.

ನಗಬೇಡಿ. ಮೊದಲು ನಾನೂ ನಕ್ಕೆ.

ಮುನಿವೆಂಕಟಪ್ಪನವರು ಬಟ್ಟೆ ವ್ಯಾಪಾರಿ. ಸಕ್ಕರೆ ಕಾಯಿಲೆ. ಡಾಕ್ಟರ ಚೀಟಿಯಂತೆ ದಿನಾ ಬೆಳಿಗ್ಗೆ ನಾನು ಕೆಲಸ ಮಾಡುವ ಔಷಧದಂಗಡಿಗೆ ಬಂದು ಇನ್ಸುಲಿನ್ ಸೂಜಿ ಹಾಕಿಸಿಕೊಳ್ಳುತ್ತಾರೆ. (ಈ ಯುದ್ಧದ ಕಾಲದಲ್ಲಿ ಆ ಪುಟ್ಟ ಸೀಸೆ ಸಿಕ್ಕುವುದೇ ಪುಣ್ಯ.) ಸೂಜಿಯಾದ ಮೇಲೆ ಊಟ ತಪ್ಪಿದರೆ ರಕ್ತದ ಸಕ್ಕರೆ ತೀರಾ ಇಳಿದು ಪ್ರಾಣಕ್ಕೇ ಕುತ್ತು. ಅದಕ್ಕೇ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಹೋಳೂರಿನ ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದವರಲ್ಲಿ ನಾನೇ ಮೊದಲು, ಸಾಲದ್ದಕ್ಕೆ ಬಿ.ಎಸ್‌ಸಿ.! ಬರೆದಿಡದಿದ್ದರೆ ಹೇಗೆ?

"ನಿನ್ನೆ ಬೆವರು, ನಡುಕ ಏನಾದ್ರೂ ಆಯ್ತಾ?"

"ಏನಿಲ್ಲ ಸ್ವಾಮಿ."

ಪುಟಗಟ್ಟಲೆ ಅದೇ: ಏನಿಲ್ಲ.

ಅಂದು ಶ್ರಾವಣ ಶನಿವಾರ. ಸೂಜಿ ಹಾಕಿ, "ಅರ್ಧ ಗಂಟೇಲಿ ತಿಂಡಿ ತಿನ್ನಿ" ಎಂದೆ. "ಆಗ್ಲಿ" ಎಂದವರು ನೇರ ಮನೆಗೆ ಹೋಗಿ, ನಾಮ ಹಾಕಿಕೊಂಡು, ಪಡಿ ಬೇಡಲು ಹೊರಟಿದ್ದಾರೆ! ನಮ್ಮ ಕಡೆ ಎಂಥ ಸ್ಥಿತಿವಂತರೂ ಅಂದು ಗೋವಿಂದ ಎನ್ನುತ್ತ ನಾಲ್ಕು ಮನೆ ಬೇಡಿ, ಆ ಅಕ್ಕಿಯನ್ನೇ ಬೇಯಿಸಿ ಉಣ್ಣಬೇಕು. ಅಲ್ಲಿಯವರೆಗೆ ಉಪವಾಸ. ಸೂಜಿ ಚುಚ್ಚಿದ್ದು ತೋಳಿಗೆ, ಹೊಟ್ಟೆಗಲ್ಲವಲ್ಲ, ವ್ರತಕ್ಕೇನು ಭಂಗ ಎಂದು ಅವರ ಲೆಕ್ಕ. (ಇವತ್ತು ಉಪವಾಸವೇ ಎಂದು ಕೇಳಲು ನನಗಾದರೂ ಹೊಳೆಯಿತೆ?)

ಬಿಸಿಲೇರಿದ ಮೇಲೆ ನಮ್ಮ ಅಂಗಡಿಗೂ ಬಂದರು. ಕೈಯಲ್ಲಿ ತುಳಸಿ ಕಟ್ಟಿದ ಚೊಂಬು, ಹಿಂದೆ ಹೆಂಡತಿ ನಾರಾಯಣಮ್ಮ. ನಾನು ಅಕ್ಕಿ ಹಾಕಿದೆ. ಅವರು ಹೆಂಡತಿಯತ್ತ ತಿರುಗಿ ನಕ್ಕರು.

"ನೀವೂ ಬಂದ್ರಾ ತಾಯಿ?"

"ಅಯ್ಯೋ, ಸಕ್ಕರೆ ಇಳೀತಾ ಐತೆ! ಬೆಲ್ಲ ಕೊಡಿ ಸ್ವಾಮಿ, ಬೆಲ್ಲ!" ನಾರಾಯಣಮ್ಮ ಕಿರುಚಿದರು.

"ನಿಮಗೆ ಹೆಂಗೆ ಗೊತ್ತು?" ಎಂದೆ.

"ಹದಿನೆಂಟು ವರ್ಷದಿಂದ 'ಲೇ, ಏನೇ' ಬಿಟ್ಟು ಬೇರೆ ಕೇಳಿಲ್ಲ ನಾನು. ಮರ್ಯಾದೆ ಬಂತು ಅಂದ್ರೆ ಹಿಂದೇನೇ ಬೆವರು."

ಆಕೆ ಹೇಳುತ್ತಿದ್ದಂತೆಯೇ ಅವರ ಹಣೆಯ ನಾಮ ಬೆವರಿಗೆ ಕರಗಿ ಇಳಿಯಿತು. ಕೈ ನಡುಗಿ ಅಕ್ಕಿ ಚೆಲ್ಲಿತು. ನಾನು ಗ್ಲೂಕೋಸ್ ಕಲಸಿ ಹಿಡಿದರೆ ಹಲ್ಲು ಕಚ್ಚಿದರು. "ವ್ರತ ಕಣಯ್ಯಾ, ಬೇಡ!" ಡೋಸ್, ರಿಯಾಕ್ಷನ್ ಎಂದು ನನಗೆ ಗೊತ್ತಿದ್ದ ಸೈನ್ಸನ್ನೆಲ್ಲ ಕೂಗಿದೆ. ಬಾಯಿ ಬಿಡಲಿಲ್ಲ.

ನಾರಾಯಣಮ್ಮ ನನ್ನ ಕೈಯಿಂದ ಲೋಟ ಕಿತ್ತುಕೊಂಡರು. ಚೊಂಬಿನ ತುಳಸಿಯ ಒಂದು ದಳ ಅದಕ್ಕೆ ಹಾಕಿ, ಕಣ್ಣಿಗೊತ್ತಿಕೊಂಡರು.

"ತಿಮ್ಮಪ್ಪನ ಪಾನಕ. ಬೇಡ ಅಂತೀರಾ? ಅವನಿಗೇ ಹೇಳಿ."

ಗಟಗಟ ಕುಡಿದರು!

ನಾನು ಗಡಿಯಾರ ನೋಡುತ್ತ ನಿಂತೆ. ಹತ್ತು ನಿಮಿಷ. ಬೆವರು ನಿಂತಿತು. ಕಣ್ಣಿಗೆ ಜೀವ ಬಂತು.

"ಏನೇ ನೋಡ್ತಾ ನಿಂತಿದ್ದೀಯ? ಅಕ್ಕಿ ಬಾಚು ಲೇ!"

ಆಗ ಆಕೆ ಅತ್ತರು.

"ಹಿಂದೆಯೂ ಹೀಗಾಗಿತ್ತಾ?" ಎಂದೆ.

"ನಾಕು ಸಲ. ಆಮೇಲೆ ಅವರಿಗೆ ನೆಪ್ಪೇ ಇರಲ್ಲ ಸ್ವಾಮಿ. ನನ್ನ ಯಾರು ಕೇಳಿದ್ರು?"

ಅಕ್ಷರ ಬಾರದ ಆ ತಾಯಿಗೆ ಕೈಮುಗಿದೆ. ನೆನಪೇ ಉಳಿಯದವರನ್ನು ತಿಂಗಳುಗಟ್ಟಲೆ "ನಿನ್ನೆ ಏನಾಯ್ತು" ಎಂದು ಕೇಳಿ ಬರೆದುಕೊಂಡ ನಾನು, ಓದಿದವನೆ?